ದಿನವಿಡೀ ಮನೆಗೆಲಸ ಮಾಡುವವರಿಗೆ ಬೇರೆ ವ್ಯಾಯಾಮ ಬೇಕೇ? ಬೇಕಾದರೆ ಅದಕ್ಕೆ ಹೊತ್ತು ಎಲ್ಲಿಂದ ತರುವುದು?

ಪ್ರಶ್ನೆ: ಬೆಣ್ಣೆನಗರಿ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ದಾವಣಗೆರೆಯ ಒಂದು ಬ್ಯಾಂಕಿನ ನಗದು ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಕಳೆದ ತಿಂಗಳು ರಕ್ತಪರೀಕ್ಷೆ ಮಾಡಿಸಿದಾಗ, ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ 6.1 ಎಂದು ಬಂದಿತು. ಇದು ಇನ್ನೂ ಮಧುಮೇಹವಲ್ಲ, ಅದರ ಹೊಸ್ತಿಲು ಎಂದು ವೈದ್ಯರು ಹೇಳಿದರು; ಮಾತ್ರೆ ಬರೆಯದೆ, ಚೀಟಿಯ ಕೊನೆಯಲ್ಲಿ ‘ದಿನವೂ ಮುಕ್ಕಾಲು ಗಂಟೆ ವಾಕಿಂಗ್’ ಎಂದಷ್ಟೇ ಬರೆದುಕೊಟ್ಟರು. ನನ್ನ ತಂದೆಗೆ ಇಪ್ಪತ್ತು ವರ್ಷ ಸಕ್ಕರೆ ಕಾಯಿಲೆ ಇತ್ತು. ಕೊನೆಯ ವರ್ಷಗಳಲ್ಲಿ ಅವರಿಗೆ ಇನ್ಸುಲಿನ್ ಚುಚ್ಚುತ್ತಿದ್ದವಳು ನಾನೇ. ಆದ್ದರಿಂದ ವ್ಯಾಯಾಮ ಏಕೆ ಬೇಕು ಎಂಬುದನ್ನು ನನಗೆ ಯಾರೂ ವಿವರಿಸಬೇಕಾಗಿಲ್ಲ. ಆ ಮುಕ್ಕಾಲು ಗಂಟೆಯನ್ನು ಎಲ್ಲಿಂದ ತರುವುದು ಎಂಬುದೇ ತಿಳಿಯದಾಗಿದೆ.

ನನ್ನ ದಿನ ಐದೂವರೆಗೆ ಶುರುವಾಗುತ್ತದೆ. ನಲ್ಲಿಯಲ್ಲಿ ನೀರು ಬರುವ ದಿನ ಅದಕ್ಕೂ ಮೊದಲು. ತಿಂಡಿ, ಎರಡು ಡಬ್ಬಿ, ಅತ್ತೆಯವರ ಮಾತ್ರೆ, ಪಾತ್ರೆ ಎಲ್ಲ ಮುಗಿಸಿ ಒಂಬತ್ತೂ ಮುಕ್ಕಾಲಿಗೆ ಸ್ಕೂಟರ್ ಹತ್ತುತ್ತೇನೆ. ಹತ್ತರಿಂದ ಐದರವರೆಗೆ ಕುರ್ಚಿ. ಸಂಜೆ ಆರೂವರೆಗೆ ಮನೆ ಸೇರಿದ ಮೇಲೆ ಪಿಯುಸಿ ಓದುತ್ತಿರುವ ಮಗಳ ಪಾಠ, ರಾತ್ರಿಯ ರೊಟ್ಟಿ, ಮರುದಿನದ ತಯಾರಿ. ಹಿಂದೆ ಎರಡು ಸಲ ಪ್ರಯತ್ನಿಸಿದ್ದೇನೆ. ಒಮ್ಮೆ ಬೆಳಗ್ಗೆ ಹನ್ನೆರಡು ಸೂರ್ಯನಮಸ್ಕಾರ ಹಾಕಲು ತೊಡಗಿ ಹನ್ನೊಂದನೆಯ ದಿನಕ್ಕೆ ಬಿಟ್ಟೆ. ಇನ್ನೊಮ್ಮೆ ಪಕ್ಕದ ಮನೆಯವರ ಜೊತೆ ಪಾರ್ಕಿಗೆ ಹೋಗತೊಡಗಿ, ಮಗಳ ಪರೀಕ್ಷೆ ಬಂದಾಗ ನಿಲ್ಲಿಸಿದವಳು ಮತ್ತೆ ಹೋಗಲಿಲ್ಲ.

ಅತ್ತೆಯವರು, ‘ಬೆಳಗಿನಿಂದ ರಾತ್ರಿಯ ತನಕ ಕೆಲಸ ಮಾಡುವವಳಿಗೆ ಇನ್ನೆಂಥ ವ್ಯಾಯಾಮ? ನಮ್ಮ ಕಾಲದಲ್ಲಿ ಯಾರು ವಾಕಿಂಗ್ ಹೋಗುತ್ತಿದ್ದರು?’ ಎನ್ನುತ್ತಾರೆ. ಅವರ ಮಾತು ಸರಿಯೇ ಇರಬಹುದೆಂದು ನನಗೂ ಒಮ್ಮೊಮ್ಮೆ ಅನ್ನಿಸುತ್ತದೆ. ಹಾಗಾಗಿ ತಿಳಿದವರಲ್ಲಿ ಮೂರು ವಿಷಯ ಕೇಳುತ್ತಿದ್ದೇನೆ. ಮನೆಗೆಲಸವನ್ನು ವ್ಯಾಯಾಮದ ಲೆಕ್ಕಕ್ಕೆ ಹಿಡಿಯಬಹುದೇ? ಒಟ್ಟಿಗೆ ಮುಕ್ಕಾಲು ಗಂಟೆ ಸಿಗದಿದ್ದರೆ ಹತ್ತು ನಿಮಿಷದಂತೆ ಬಿಡಿಬಿಡಿಯಾಗಿ ಮಾಡಿದ್ದಕ್ಕೆ ಬೆಲೆ ಇದೆಯೇ? ನಾಲ್ಕು ದಿನ ತಪ್ಪಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಗುತ್ತದೆಯೇ?

ಉತ್ತರ 1: ತಾಲ್ಲೂಕು ವೈದ್ಯ

ಮೇಡಂ, ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ವೈದ್ಯನಾಗಿದ್ದೇನೆ. ನಿಮ್ಮ ಅತ್ತೆಯವರ ಮಾತನ್ನು ವಾರಕ್ಕೆ ಹತ್ತು ಸಲವಾದರೂ ಕೇಳುತ್ತೇನೆ. ಅದನ್ನು ಅರ್ಧ ಒಪ್ಪುತ್ತೇನೆ ಕೂಡ.

ಯಾವ ಕೆಲಸ ಲೆಕ್ಕಕ್ಕೆ ಬರುತ್ತದೆ ಎಂದು ತಿಳಿಯಲು ಯಂತ್ರವೇನೂ ಬೇಕಿಲ್ಲ. ಕೆಲಸ ಮಾಡುತ್ತಿರುವಾಗ ಮಾತನಾಡಲು ಬರಬೇಕು, ಆದರೆ ಹಾಡಲು ಉಸಿರು ಸಾಲಬಾರದು. ಅದು ಮಧ್ಯಮ ಪ್ರಮಾಣದ ಶ್ರಮ. ಕುಕ್ಕರಗಾಲಿನಲ್ಲಿ ಕೂತು ಇಡೀ ಮನೆಯ ನೆಲ ಒರೆಸುವುದು, ಕಲ್ಲಿನ ಮೇಲೆ ಬೆಡ್‌ಶೀಟು ಒಗೆಯುವುದು, ಕೊಡ ಹೊತ್ತು ಮೆಟ್ಟಿಲು ಹತ್ತುವುದು, ಇವೆಲ್ಲ ಖಂಡಿತ ಆ ಮಟ್ಟ ಮುಟ್ಟುತ್ತವೆ. ಸೊಪ್ಪು ಸೋಸುವುದು, ಒಲೆಯ ಮುಂದೆ ನಿಲ್ಲುವುದು, ಡಬ್ಬಿ ಕಟ್ಟುವುದು ಮುಟ್ಟುವುದಿಲ್ಲ. ಇವು ದಣಿವು ತರುತ್ತವೆ ಎಂಬುದು ನಿಜ, ಆದರೆ ದಣಿವು ಬೇರೆ, ವ್ಯಾಯಾಮ ಬೇರೆ. ‘ಇಡೀ ದಿನ ಕೆಲಸ ಮಾಡುತ್ತೇನೆ’ ಎನ್ನುವ ನನ್ನ ರೋಗಿಗಳನ್ನು ಬಿಡಿಸಿ ಕೇಳಿದಾಗ, ಬಹುಪಾಲು ಹೊತ್ತು ಅವರು ಒಂದೇ ಕಡೆ ನಿಂತಿರುತ್ತಾರೆ. ಕಾಲು ನೋಯುತ್ತದೆ, ಎದೆಬಡಿತ ಏರುವುದೇ ಇಲ್ಲ. ನಿಮ್ಮ ವಿಷಯದಲ್ಲಿ ಇದಕ್ಕೆ ಏಳು ಗಂಟೆಯ ಕುರ್ಚಿಯೂ ಸೇರಿಕೊಂಡಿದೆ.

ಕುರ್ಚಿಯ ಮಾತು ಬಂದದ್ದರಿಂದ ಒಂದು ಹಳೆಯ ಅಧ್ಯಯನ ನೆನಪಾಗುತ್ತದೆ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ ನೋಡಿದ ಜೆರೆಮಿ ಮಾರಿಸ್ ಎಂಬ ವೈದ್ಯರು, 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಒಂದೇ ಸಂಸ್ಥೆ, ಒಂದೇ ಬಸ್ಸು, ಹೆಚ್ಚುಕಡಿಮೆ ಒಂದೇ ವರ್ಗದ ಜನ. ಆದರೂ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ ಕಂಡಕ್ಟರುಗಳಲ್ಲಿ, ಕೂತೇ ಇರುತ್ತಿದ್ದ ಚಾಲಕರಿಗಿಂತ ಹೃದಯದ ರಕ್ತನಾಳಗಳ ಕಾಯಿಲೆ ಕಡಿಮೆಯಿತ್ತು. ಮುಂದೆ ಅವರೇ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದಾಗ, ಚಾಲಕರು ಕೆಲಸಕ್ಕೆ ಸೇರುವಾಗಲೇ ಸೊಂಟದಲ್ಲಿ ದಪ್ಪಗಿದ್ದರೆಂಬುದೂ ಗೊತ್ತಾಯಿತು. ಅಂದರೆ ಎಲ್ಲ ವ್ಯತ್ಯಾಸವನ್ನೂ ಮೆಟ್ಟಿಲಿನ ಲೆಕ್ಕಕ್ಕೇ ಬರೆಯುವಂತಿಲ್ಲ. ಆದರೂ ಆಮೇಲೆ ಬಂದ ಅನೇಕ ಅಧ್ಯಯನಗಳು ಅದೇ ದಿಕ್ಕನ್ನೇ ತೋರಿಸಿವೆ. ನಿಮ್ಮ ಬ್ಯಾಂಕಿನಲ್ಲಿ ಕೌಂಟರಿನ ಹಿಂದೆ ಕೂತ ನೀವು ಚಾಲಕರು. ಫೈಲು ಹಿಡಿದು ಮೇಲೆ ಕೆಳಗೆ ಓಡಾಡುವ ಅಟೆಂಡರು ಕಂಡಕ್ಟರು.

ಎರಡನೆಯ ಪ್ರಶ್ನೆಗೆ ಸಂತೋಷದಿಂದ ಉತ್ತರ ಹೇಳುತ್ತೇನೆ. ಕನಿಷ್ಠ ಹತ್ತು ನಿಮಿಷ ಒಂದೇ ಸಮನೆ ಮಾಡಿದರೆ ಮಾತ್ರ ಲೆಕ್ಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಮೊದಲು ಹೇಳುತ್ತಿತ್ತು. 2020ರ ಮಾರ್ಗಸೂಚಿಯಲ್ಲಿ ಆ ಷರತ್ತನ್ನೇ ಕೈಬಿಟ್ಟಿತು. ಈಗ ವಯಸ್ಕರಿಗೆ ಅದು ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಅಥವಾ ಅದರ ಅರ್ಧದಷ್ಟು ಕಠಿಣ ಶ್ರಮ, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ. ಈ ನಿಮಿಷಗಳನ್ನು ನೀವು ಹೇಗೆ ಬೇಕಾದರೂ ಒಡೆದುಕೊಳ್ಳಬಹುದು. ಸಕ್ಕರೆಯ ಹೊಸ್ತಿಲಿನಲ್ಲಿರುವವರಿಗಂತೂ ಒಡೆದುಕೊಳ್ಳುವುದರಲ್ಲಿ ಒಂದು ಲಾಭವೇ ಇದೆ. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಅದನ್ನು ಸ್ನಾಯುಗಳೊಳಗೆ ಬಿಡಲು ಮುಂಬಾಗಿಲಿನಲ್ಲಿ ಇನ್ಸುಲಿನ್ ನಿಂತಿರಬೇಕು, ನಿಮ್ಮಂಥವರಲ್ಲಿ ಅದರ ಮಾತು ಅಷ್ಟಾಗಿ ನಡೆಯುವುದಿಲ್ಲ. ಆದರೆ ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ಹಿತ್ತಲ ಬಾಗಿಲಿನಿಂದ ತಾನೇ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಊಟದ ನಂತರದ ಹದಿನೈದು ನಿಮಿಷದ ನಡಿಗೆಗೆ ಇರುವ ಬೆಲೆ ಇದೇ.

ಮೂರನೆಯದು. ಒಂದು ಸಲ ಮಾಡಿದ ವ್ಯಾಯಾಮದಿಂದ ಇನ್ಸುಲಿನ್ನಿನ ಮಾತು ಚೆನ್ನಾಗಿ ನಡೆಯುವ ಸ್ಥಿತಿ ಒಂದು ದಿನ, ಹೆಚ್ಚೆಂದರೆ ಎರಡು ದಿನ ಉಳಿಯುತ್ತದೆ. ಆದ್ದರಿಂದ ಸತತ ಎರಡು ದಿನಕ್ಕಿಂತ ಹೆಚ್ಚು ತಪ್ಪಿಸಬೇಡಿ ಎನ್ನುತ್ತೇವೆ. ನಾಲ್ಕು ದಿನ ತಪ್ಪಿದರೆ ಹೋಮ ನೀರಿನಲ್ಲಾಗುವುದಿಲ್ಲ, ಬೆಂಕಿ ಆರಿರುತ್ತದೆ ಅಷ್ಟೇ. ಐದನೆಯ ದಿನ ಮತ್ತೆ ಹಚ್ಚಿ.

ಎಷ್ಟು ಫಲ ನಿರೀಕ್ಷಿಸಬಹುದು ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಚೆನ್ನೈನ ಸಂಶೋಧಕರು ಸಕ್ಕರೆಯ ಹೊಸ್ತಿಲಿನಲ್ಲಿದ್ದ 531 ಭಾರತೀಯರನ್ನು ಸುಮಾರು ಮೂರು ವರ್ಷ ಅನುಸರಿಸಿ 2006ರಲ್ಲಿ ವರದಿ ಪ್ರಕಟಿಸಿದರು. ಏನೂ ವಿಶೇಷ ಬದಲಾವಣೆ ಮಾಡಿಕೊಳ್ಳದವರಲ್ಲಿ ನೂರಕ್ಕೆ 55 ಮಂದಿಗೆ ಮಧುಮೇಹ ಬಂದರೆ, ಆಹಾರ ತಿದ್ದಿಕೊಂಡು ದಿನಕ್ಕೆ ಅರ್ಧ ಗಂಟೆ ನಡೆಯಲು ಸಲಹೆ ಪಡೆದವರಲ್ಲಿ ನೂರಕ್ಕೆ 39 ಮಂದಿಗೆ ಬಂದಿತು. ಅಂತರ ದೊಡ್ಡದೇ. ಆದರೆ ಆ 39 ಮಂದಿಯೂ ಇದ್ದಾರೆ ಎಂಬುದನ್ನು ಮರೆಯಬಾರದು. ನಡೆದರೆ ಮಧುಮೇಹ ಬರುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಬಂದರೆ ನಿಮ್ಮ ಸೋಮಾರಿತನದಿಂದಲೇ ಬಂತು ಎಂದು ಯಾರಾದರೂ ಅಂದರೂ ನಂಬಬೇಡಿ. ನಡೆಯುವಾಗ ಎದೆ ಬಿಗಿದರೆ ಅಥವಾ ಅತಿಯಾಗಿ ಉಸಿರು ಕಟ್ಟಿದರೆ ನಿಲ್ಲಿಸಿ ವೈದ್ಯರನ್ನು ಕಾಣಿ. ಈಗಾಗಲೇ ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವ ಇತರ ಓದುಗರು ವ್ಯಾಯಾಮ ಹೆಚ್ಚಿಸುವ ಮೊದಲು ತಮ್ಮ ವೈದ್ಯರನ್ನು ಕೇಳಬೇಕು, ಏಕೆಂದರೆ ಸಕ್ಕರೆ ತೀರಾ ಕೆಳಗಿಳಿಯುವ ಸಾಧ್ಯತೆ ಇರುತ್ತದೆ.

ಉತ್ತರ 2: ಮಳೆಜಗಲಿ (ತೀರ್ಥಹಳ್ಳಿ ಕಡೆ)

ಅಕ್ಕಾ, ನಾನೂ ನಿಮ್ಮ ದಾರಿಯಲ್ಲೇ ನಾಲ್ಕು ವರ್ಷ ಮುಂದೆ ಹೋದವಳು. ಪ್ರಾಥಮಿಕ ಶಾಲೆಯ ಶಿಕ್ಷಕಿ. ಡಾಕ್ಟರು ಹೇಳಿದ್ದರಲ್ಲಿ ಸೇರಿಸಲು ನನ್ನಲ್ಲಿ ವಿಜ್ಞಾನವಿಲ್ಲ. ಆದರೆ ಸೋತ ಅನುಭವ ಧಾರಾಳವಾಗಿದೆ.

ಗಡಿಯಾರಕ್ಕೆ ಕಟ್ಟಿದ ವ್ಯಾಯಾಮ ನನ್ನ ಮನೆಯಲ್ಲಿ ಒಂದು ತಿಂಗಳೂ ಬಾಳಲಿಲ್ಲ. ಬೆಳಗ್ಗೆ ಆರಕ್ಕೆ ಎಂದು ನಿಶ್ಚಯಿಸಿಕೊಂಡರೆ ಆರಕ್ಕೆ ಹಾಲಿನವನು ಬರುತ್ತಿದ್ದ, ಆರೂಕಾಲಕ್ಕೆ ಕರೆಂಟು ಹೋಗುತ್ತಿತ್ತು, ಆರೂವರೆಗೆ ಯಾರಾದರೂ ಎದ್ದು ಕಾಫಿ ಕೇಳುತ್ತಿದ್ದರು. ಜೂನ್ ತಿಂಗಳು ಹಿಡಿದರೆ ನಮ್ಮಲ್ಲಿ ಮೂರು ತಿಂಗಳು ರಸ್ತೆಯಲ್ಲಿ ನಡೆಯುವ ಮಾತೇ ಇಲ್ಲ. ಕೊಡೆ ಹಿಡಿದು ಜಿಗಣೆ ಕೀಳುತ್ತಾ ಆರೋಗ್ಯ ಸಾಧಿಸುವಷ್ಟು ಛಲ ನನಗಿರಲಿಲ್ಲ. ಕೊನೆಗೆ ಗಂಟೆಯನ್ನು ಬಿಟ್ಟು, ತಪ್ಪದೆ ನಡೆಯುವ ಒಂದು ಕೆಲಸದ ಬಾಲಕ್ಕೆ ನಡಿಗೆಯನ್ನು ಕಟ್ಟಿದೆ. ರಾತ್ರಿ ಊಟದ ತಟ್ಟೆ ತೊಳೆದು ಕವುಚಿ ಹಾಕಿದೊಡನೆ, ಕೈ ಒರೆಸಿಕೊಂಡು ಜಗಲಿಗೆ ಬರುವುದು. ಊಟ ತಡವಾದರೆ ನಡಿಗೆಯೂ ತಡವಾಗುತ್ತದೆ, ಆದರೆ ಊಟವಿಲ್ಲದ ದಿನವಿಲ್ಲವಲ್ಲ.

ನಮ್ಮ ಜಗಲಿ ಆ ತುದಿಯಿಂದ ಈ ತುದಿಗೆ ಹದಿನೆಂಟು ಹೆಜ್ಜೆ. ಎಣಿಕೆ ತಪ್ಪುತ್ತಿದ್ದುದರಿಂದ ಒಂದು ಬಟ್ಟಲಿನಲ್ಲಿ ಐವತ್ತು ಗೋಟಡಿಕೆ ಇಟ್ಟುಕೊಂಡು, ಹೋಗಿ ಬಂದ ಒಂದೊಂದು ಸುತ್ತಿಗೂ ಒಂದನ್ನು ಇನ್ನೊಂದು ಬಟ್ಟಲಿಗೆ ಹಾಕುತ್ತೇನೆ. ಬಟ್ಟಲು ಖಾಲಿಯಾಗುವ ಹೊತ್ತಿಗೆ ಸುಮಾರು ಇಪ್ಪತ್ತು ನಿಮಿಷ ಆಗಿರುತ್ತದೆ. ಕೆಲವು ದಿನ ಹತ್ತು ಅಡಿಕೆಗೇ ನಿಲ್ಲಿಸಿದ್ದೇನೆ. ಸೊನ್ನೆ ಮಾಡಿದ ದಿನಗಳು ಕಡಿಮೆ. ಹೊಸ್ತಿಲು ದಾಟಿ ಜಗಲಿಗೆ ಬರುವುದೇ ಕಷ್ಟದ ಭಾಗವೆಂದೂ ಮೊದಲ ಅಡಿಕೆ ಬಿದ್ದ ಮೇಲೆ ಉಳಿದವು ತಾವಾಗಿ ಬೀಳುತ್ತವೆಂದೂ ನನಗೆ ಗೊತ್ತಾಗಲು ಎರಡು ಮಳೆಗಾಲ ಬೇಕಾಯಿತು.

‘ನಮ್ಮ ಕಾಲ’ದ ಬಗ್ಗೆ ಒಂದು ಮಾತು. ನನ್ನ ಅಜ್ಜಿ ಒರಳಿನಲ್ಲಿ ರುಬ್ಬಿದವರು, ಒನಕೆ ಹಿಡಿದು ಭತ್ತ ಕುಟ್ಟಿದವರು, ಬಾವಿಯಿಂದ ಸೇದಿದವರು. ಅವರ ತೋಳು ಗಟ್ಟಿಯಿತ್ತು ಎಂಬುದನ್ನು ಎಲ್ಲರೂ ಹೇಳುತ್ತಾರೆ; ಐವತ್ತಕ್ಕೇ ಅವರ ಸೊಂಟ ಬಾಗಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. ಜ್ವರವಿದ್ದರೂ ರುಬ್ಬಲೇಬೇಕಾಗಿದ್ದ ಅವರಿಗೂ, ಇಪ್ಪತ್ತು ನಿಮಿಷವನ್ನು ತನಗೆಂದು ತೆಗೆದಿಡುವ ನನಗೂ ವ್ಯತ್ಯಾಸವಿದೆ. ಮನೆಯ ಗಂಡಸರು ಸಂಜೆ ‘ಸ್ವಲ್ಪ ಓಡಾಡಿಕೊಂಡು ಬರುತ್ತೇನೆ’ ಎಂದು ಹೊರಟಾಗ ಕಾರಣ ಕೇಳುವವರಿಲ್ಲ. ಹೆಂಗಸು ಚಪ್ಪಲಿ ಮೆಟ್ಟಿದರೆ ‘ಏನು ತರಲು ಹೊರಟೆ?’ ಎನ್ನುತ್ತಾರೆ.

ಉತ್ತರ 3: ಹೆಜ್ಜೆಲೆಕ್ಕ (ಬೆಂಗಳೂರು)

ಚಿಕ್ಕದೊಂದು ಎಚ್ಚರಿಕೆ ಮಾತ್ರ. ಕೈಗೆ ವಾಚು ಕಟ್ಟಿಕೊಂಡು ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಗುರಿ ಇಟ್ಟುಕೊಳ್ಳಬೇಡಿ. ನಾನು ಹಾಗೆ ಇಟ್ಟುಕೊಂಡು, ಆರು ಸಾವಿರಕ್ಕೆ ನಿಂತ ದಿನಗಳಲ್ಲೆಲ್ಲ ಸೋತೆನೆಂದು ಭಾವಿಸಿ, ನಾಲ್ಕು ತಿಂಗಳಲ್ಲಿ ವಾಚನ್ನೇ ಡ್ರಾಯರಿಗೆ ಹಾಕಿದವನು. ಆಮೇಲೆ ಓದಿ ತಿಳಿದದ್ದೇನೆಂದರೆ, ಆ ಸಂಖ್ಯೆ ವೈದ್ಯಶಾಸ್ತ್ರದಿಂದ ಹುಟ್ಟಿದ್ದಲ್ಲ. ಟೋಕಿಯೋ ಒಲಿಂಪಿಕ್ಸಿನ ಮರುವರ್ಷ, 1965ರಲ್ಲಿ, ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನವೊಂದಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬರ್ಥದ ಹೆಸರಿಟ್ಟಿದ್ದರು. ವಯಸ್ಸಾದ ಅಮೆರಿಕನ್ ಮಹಿಳೆಯರ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುತ್ತಿದ್ದವರಿಗಿಂತ 4,400 ಹೆಜ್ಜೆ ನಡೆಯುತ್ತಿದ್ದವರಲ್ಲೇ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು. 7,500ರ ಆಸುಪಾಸಿನಲ್ಲಿ ಲಾಭ ಏರುವುದು ನಿಂತಿತ್ತು. ಈಗ ನಾನು ಮೆಟ್ರೊ ನಿಲ್ದಾಣದಲ್ಲಿ ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತುತ್ತೇನೆ, ಎಣಿಸುವುದಿಲ್ಲ.

ಉತ್ತರ 4: ಹಳೆಯ ಡ್ರಿಲ್ ಮೇಷ್ಟ್ರು

ತಾಯಿ, ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದವನು. ಅದಕ್ಕೂ ಮೊದಲು ಗರಡಿಯ ಮಣ್ಣಿನಲ್ಲಿ ಸಾಮು ಮಾಡಿದವನು. ಇಲ್ಲಿ ಎಲ್ಲರೂ ನಡಿಗೆಯನ್ನೇ ಹೇಳುತ್ತಿರುವುದರಿಂದ ನನ್ನದೊಂದು ತಕರಾರಿದೆ. ಡಾಕ್ಟರು ಸ್ನಾಯು ಬಲಪಡಿಸುವ ವಿಷಯವನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದರು. ಆದರೆ ಅವರೇ ಹೇಳಿದ ಹಾಗೆ ಸಕ್ಕರೆಯನ್ನು ಎಳೆದುಕೊಳ್ಳುವುದು ಸ್ನಾಯುವಾದರೆ, ಆ ಸ್ನಾಯುವೇ ವರ್ಷ ವರ್ಷ ಕರಗುತ್ತಿರುವಾಗ ಬರೀ ನಡೆದು ಏನು ಪ್ರಯೋಜನ? ಮೂವತ್ತು ದಾಟಿದ ಮೇಲೆ, ಕೆಲಸ ಕೊಡದಿದ್ದರೆ, ಸ್ನಾಯು ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಮನೆಗೆಲಸ ಇದನ್ನು ತಡೆಯದಿರುವುದಕ್ಕೂ ಒಂದು ಕಾರಣವಿದೆ. ನೀವು ಎತ್ತುವ ಬಕೆಟ್ಟಿನ ತೂಕ ಇಪ್ಪತ್ತು ವರ್ಷಗಳಿಂದ ಅಷ್ಟೇ ಇದೆ; ದೇಹ ಅದಕ್ಕೆ ಎಂದೋ ಒಗ್ಗಿಕೊಂಡಿದೆ. ಭಾರ ಅಥವಾ ಎಣಿಕೆ ಮೆಲ್ಲಗೆ ಏರಿದರೆ ಮಾತ್ರ ಬಲ ಬೆಳೆಯುತ್ತದೆ.

ಅದಕ್ಕೆ ಜಿಮ್ ಬೇಕಿಲ್ಲ. ಗರಡಿಯಲ್ಲಿ ನಮಗೆ ಮೊದಲು ಹೇಳಿಕೊಟ್ಟದ್ದು ದಂಡ ಮತ್ತು ಬಸ್ಕಿ; ಶಾಲೆಯಲ್ಲಿ ಬಸ್ಕಿ ಶಿಕ್ಷೆಯಾಗಿಬಿಟ್ಟದ್ದು ನಮ್ಮ ದುರದೃಷ್ಟ, ಅದರಲ್ಲಿ ನನ್ನ ಪಾಪದ ಪಾಲೂ ಇದೆ. ನಿಮಗೆ ನಾನು ಹೇಳುವ ಬಸ್ಕಿ ಹೀಗೆ: ಗೋಡೆಗೆ ಒತ್ತಿಸಿಟ್ಟ ಕುರ್ಚಿಯ ಮುಂದೆ ನಿಂತು, ಕೈ ಊರದೆ, ಮೂರು ಎಣಿಸುವಷ್ಟು ನಿಧಾನವಾಗಿ ಕುಳಿತುಕೊಂಡು ಎದ್ದು ನಿಲ್ಲಿ. ಎಂಟು ಸಲ. ದಂಡಕ್ಕೆ ಬದಲಾಗಿ ಅಡುಗೆಮನೆಯ ಕಟ್ಟೆಗೆ ಅಂಗೈ ಊರಿ, ಕಾಲು ಎರಡು ಹೆಜ್ಜೆ ಹಿಂದಿಟ್ಟು, ಎದೆಯನ್ನು ಕಟ್ಟೆಯ ಬಳಿಗೆ ತಂದು ಹಿಂದಕ್ಕೆ ತಳ್ಳಿ. ಅದೂ ಎಂಟು. ಹಾಲು ಉಕ್ಕಿ ಬರುವುದನ್ನು ಕಾಯುತ್ತಾ ನಿಲ್ಲುತ್ತೀರಲ್ಲ, ಎರಡೂ ಆ ಹೊತ್ತಿನಲ್ಲೇ ಮುಗಿಯುತ್ತವೆ. ವಾರಕ್ಕೆ ಮೂರು ದಿನ ಸಾಕು. ಎಂಟು ಸುಲಭವಾದಾಗ ಹತ್ತು, ಆಮೇಲೆ ಹನ್ನೆರಡು.

ನಿಮ್ಮ ಸೂರ್ಯನಮಸ್ಕಾರ ಹನ್ನೊಂದನೆಯ ದಿನಕ್ಕೆ ನಿಂತದ್ದೇಕೆಂದು ನನಗೆ ಗೊತ್ತು. ಮೊದಲ ದಿನವೇ ಹನ್ನೆರಡು ಹಾಕಿದಿರಿ. ನಮ್ಮ ಉಸ್ತಾದರು ಹೊಸಬರನ್ನು ಇನ್ನೂ ಹುಮ್ಮಸ್ಸಿರುವಾಗಲೇ ಮನೆಗೆ ಕಳಿಸುತ್ತಿದ್ದರು. ಮೈ ಮುರಿದು ಹೋದವನು ಮರುದಿನ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮೂರರಿಂದ ಶುರು ಮಾಡಬೇಕಿತ್ತು.

ಇನ್ನು ಅತ್ತೆಯವರು. ಅವರೊಡನೆ ವಾದ ಬೇಡ, ಜೊತೆಗೆ ಸೇರಿಸಿಕೊಳ್ಳಿ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನದ ಅಭ್ಯಾಸ ಮಾಡಬೇಕೆಂದು ಡಾಕ್ಟರು ಹೇಳಿದ ಅದೇ ಮಾರ್ಗಸೂಚಿಯಲ್ಲಿದೆ, ಏಕೆಂದರೆ ಆ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಬೀಳುವುದೇ ದೊಡ್ಡ ಗಂಡಾಂತರ. ಕಿಟಕಿಯ ಸರಳು ಹಿಡಿದು ಒಂದು ಕಾಲನ್ನು ಸ್ವಲ್ಪ ಎತ್ತಿ ಹತ್ತು ಎಣಿಸುವುದು, ಆಮೇಲೆ ಇನ್ನೊಂದು ಕಾಲು. ಅಷ್ಟರಿಂದ ಶುರುವಾಗಲಿ, ಹತ್ತಿರ ಯಾರಾದರೂ ಇರಲಿ.

ಬೆಣ್ಣೆನಗರಿ (ಐದು ವಾರದ ನಂತರ)

ಉತ್ತರಿಸಿದ ಎಲ್ಲರಿಗೂ ವಂದನೆಗಳು. ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಮಾಡಿ ನೋಡದೆ ಬರೆಯಬಾರದೆಂದು ಕಾದೆ.

ರಾತ್ರಿ ಊಟದ ನಂತರದ ನಡಿಗೆ ನಿಂತಿದೆ, ಅಂದರೆ ನೆಲೆ ನಿಂತಿದೆ. ನಮಗೆ ಜಗಲಿಯಿಲ್ಲ, ತಾರಸಿಯಿದೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ರಾತ್ರಿ ಒಂಬತ್ತರ ತನಕವೂ ಅದು ಕಾದ ಹೆಂಚಿನಂತಿರುತ್ತದೆಯಾದರೂ, ಆಮೇಲೆ ಗಾಳಿ ಬೀಸುತ್ತದೆ. ಗೋಟಡಿಕೆ ಸಿಗಲಿಲ್ಲ, ಹುಣಸೆಬೀಜ ಇಟ್ಟುಕೊಂಡಿದ್ದೇನೆ. ಮೂವತ್ತೈದು ದಿನಗಳಲ್ಲಿ ಇಪ್ಪತ್ತಾರು ದಿನ ನಡೆದಿದ್ದೇನೆ. ಒಮ್ಮೆ ಮದುವೆಯ ಮನೆಯಿಂದಾಗಿ ಸತತ ನಾಲ್ಕು ದಿನ ತಪ್ಪಿತು, ಡಾಕ್ಟರ ಬೆಂಕಿಯ ಮಾತು ನೆನೆದು ಐದನೆಯ ದಿನ ಮತ್ತೆ ಹತ್ತಿದೆ. ಮಧ್ಯಾಹ್ನದ ನಡಿಗೆ ಮಾತ್ರ ಸರಿಹೋಗಲಿಲ್ಲ. ಊಟದ ಬಿಡುವೇ ಅರ್ಧ ಗಂಟೆ, ಅದರಲ್ಲೂ ಗ್ರಾಹಕರು ಹೊರಗೆ ಕಾಯುತ್ತಿರುವಾಗ ವರಾಂಡದಲ್ಲಿ ಅಡ್ಡಾಡುವುದು ನನಗೇ ಸರಿಯೆನಿಸಲಿಲ್ಲ. ಅದರ ಬದಲು ಮೊದಲನೆಯ ಮಹಡಿಗೆ ಹೋಗಬೇಕಾದ ವೋಚರುಗಳನ್ನು ಅಟೆಂಡರಿಗೆ ಕೊಡದೆ ನಾನೇ ಒಯ್ಯುತ್ತಿದ್ದೇನೆ. ‘ನನ್ನ ಕೆಲಸಕ್ಕೆ ಕುತ್ತು ತರಬೇಡಿ ಮೇಡಂ’ ಎಂದು ಅವರು ನಗುತ್ತಾರೆ. ಚಾಲಕ, ಕಂಡಕ್ಟರರ ಕಥೆಯನ್ನು ಅವರಿಗೂ ಹೇಳಿದ್ದೇನೆ.

ತೂಕ ಮುಕ್ಕಾಲು ಕಿಲೊ ಮಾತ್ರ ಇಳಿದಿದೆ. ಎಚ್‌ಬಿಎ1ಸಿ ನೋಡಲು ಮೂರು ತಿಂಗಳಾಗಬೇಕಂತೆ. ಸದ್ಯ ನನಗೆ ಕಾಣುವ ಬದಲಾವಣೆ ಎಂದರೆ ಮಧ್ಯರಾತ್ರಿ ಎಚ್ಚರವಾಗುವುದು ಕಡಿಮೆಯಾಗಿದೆ, ಮತ್ತು ಸಂಜೆ ಮನೆಗೆ ಬಂದೊಡನೆ ಯಾರ ಮೇಲಾದರೂ ರೇಗುವುದೂ ಸ್ವಲ್ಪ ಕಡಿಮೆಯಾಗಿದೆ ಎಂದು ಮಗಳು ಹೇಳುತ್ತಾಳೆ. ಅತ್ತೆಯವರು ಮೊದಲ ವಾರ ಸುಮ್ಮನೆ ನೋಡಿದರು. ಈಗ ಕಿಟಕಿಯ ಸರಳು ಹಿಡಿದು ನಿಲ್ಲುವುದಷ್ಟೇ ಅಲ್ಲದೆ, ಎರಡೂ ಕಾಲಿಗೆ ಹನ್ನೆರಡು ಎಣಿಸಿದೆನೆಂದು ಬಂದವರಿಗೆಲ್ಲ ಹೇಳುತ್ತಾರೆ.

ಮೇಷ್ಟ್ರಿಗೊಂದು ಪ್ರಶ್ನೆ. ಕುರ್ಚಿಯಿಂದ ಏಳುವಾಗ ನನ್ನ ಬಲ ಮೊಣಕಾಲಿನಲ್ಲಿ ಟಕ್ ಎಂದು ಸದ್ದಾಗುತ್ತದೆ. ನಿಲ್ಲಿಸಬೇಕೇ?

ಹಳೆಯ ಡ್ರಿಲ್ ಮೇಷ್ಟ್ರು

ಬರೀ ಸದ್ದಾದರೆ, ನೋವಾಗಲಿ ಊತವಾಗಲಿ ಇಲ್ಲದಿದ್ದರೆ, ಮುಂದುವರಿಸಿ ತಾಯಿ. ನನ್ನ ಎರಡೂ ಮೊಣಕಾಲು ಇಪ್ಪತ್ತು ವರ್ಷಗಳಿಂದ ಮಾತನಾಡುತ್ತಿವೆ. ನೋವಿದ್ದರೆ ಕುರ್ಚಿಯ ಮೇಲೆ ಗಟ್ಟಿಯಾದ ದಿಂಬೊಂದನ್ನು ಇಟ್ಟು ಎತ್ತರ ಹೆಚ್ಚಿಸಿಕೊಳ್ಳಿ, ಪಾದಗಳನ್ನು ಭುಜದಗಲಕ್ಕೆ ಇಡಿ, ಏಳುವಾಗ ಮೊಣಕಾಲು ಒಳಗೆ ವಾಲದಂತೆ ನೋಡಿಕೊಳ್ಳಿ. ಅಷ್ಟಾದರೂ ಒಂದು ವಾರದಲ್ಲಿ ನೋವು ಹೋಗದಿದ್ದರೆ ಬಸ್ಕಿ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಕಟ್ಟೆಯ ದಂಡವನ್ನು ಅಲ್ಲಿಯವರೆಗೂ ಬಿಡಬೇಡಿ. ಮತ್ತೆ, ಹಾಲು ಉಕ್ಕಿಸಿದ್ದೀರಾ ಇಲ್ಲವಾ ಎಂಬುದನ್ನು ಬರೆಯಲೇ ಇಲ್ಲ.

ಬೆಣ್ಣೆನಗರಿ

ಎರಡು ಸಲ.